ಇದಕ್ಕೂ ಒಂದು ಬಾಣಂತನ ಬೇಕು



ಕಳೆದ ನವೆಂಬರಿನ ನಮ್ಮ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ಹುಡುಗಿಯೊಬ್ಬಳು ನನ್ನ ಹಿಂದೆ ನಿಂತಿದ್ದಳು. ಹುಡುಗಿ ಅಂದದ್ದು ನನಗಿಂತ ಹತ್ತು ವರ್ಷ ಚಿಕ್ಕವಳೆಂಬ ಸಲಿಗೆಯಿಂದ. ಅವಳಿಗೂ ಇಬ್ಬರು ಮಕ್ಕಳಿದ್ದಾರೆ. ತಟ್ಟೆಗೆ ಹೋಳಿಗೆ ಹಾಕಿಸಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು: "ಅಕ್ಕಾ, ನಿಮಗೆ ಹರ್ನಿಯಾ ಆಪರೇಷನ್ ಆಗಿತ್ತಲ್ಲ, ಎಷ್ಟು ದಿನಕ್ಕೆ ಸರಿಹೋದ್ರಿ?"

"ಎರಡು ವಾರ," ಎಂದೆ. ಎಲ್ಲರಿಗೂ ಹೇಳಿ ಹೇಳಿ ರೂಢಿಯಾಗಿದ್ದ ಉತ್ತರ.

"ಹಾಗಾದ್ರೆ ಸರಿ. ಡಿಸೆಂಬರ್ ರಜೆಗೆ ಊರಿಗೆ ಹೋಗ್ತಿದೀವಿ. ಮೂರು ವಾರ ಇರುತ್ತೆ. ಅಲ್ಲೇ ಮಾಡಿಸ್ಕೊಂಡು ಬಂದುಬಿಡ್ತೀನಿ."

"ಏನು ಮಾಡಿಸ್ಕೊಂಡು ಬರ್ತೀಯಾ?"

ಅತ್ತಿತ್ತ ನೋಡಿ, "ನೀವು ಮಾಡಿಸ್ಕೊಂಡಿದ್ದೇ," ಎಂದಳು.

ಅಂದು ತಿಂದ ಹೋಳಿಗೆಯ ರುಚಿ ನನಗೆ ನೆನಪಿಲ್ಲ. ನನಗೆ ಆಗಿದ್ದು ಹರ್ನಿಯಾ ಆಪರೇಷನ್ ಅಲ್ಲವೆಂದು ಅವಳು ಊಹಿಸಿದ್ದಳು. ಆದರೆ ಎರಡು ವಾರದಲ್ಲಿ ಸರಿಹೋದೆನೆಂಬ ನನ್ನ ಮಾತನ್ನು ಪೂರ್ತಿಯಾಗಿ ನಂಬಿದ್ದಳು! ನಂಬದೆ ಇನ್ನೇನು? 2023ರ ಸಂಕ್ರಾಂತಿ ಕಾರ್ಯಕ್ರಮದಲ್ಲಿ, ಆಪರೇಷನ್ ಆದ ಹದಿನೇಳನೆಯ ದಿನ, ನಾನು ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಎಳ್ಳು-ಬೆಲ್ಲ ಹಂಚಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ನೀವೂ ಕಂಡಿದ್ದೀರಿ. ಆ ದಿನ ನಿಮಗೆಲ್ಲ ಹೇಳಿದ ಸುಳ್ಳನ್ನು ಹಿಂದಕ್ಕೆ ಪಡೆಯಲು ಈ ಲೇಖನ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ನನ್ನ ಅನುಭವ, ಆಮೇಲೆ ಓದಿ ಕೇಳಿ ತಿಳಿದದ್ದು, ಮತ್ತು ನನ್ನದೇ ಒಂದು ಅಭಿಪ್ರಾಯ ಇಲ್ಲಿದೆ. ನಿಮ್ಮ ವಿಷಯದಲ್ಲಿ ನಿಮ್ಮ ಸರ್ಜನ್ ಹೇಳಿದ್ದೇ ಕೊನೆಯ ಮಾತು.

ನನಗೆ ಎರಡು ಹೆರಿಗೆ, ಎರಡೂ ಸಿಸೇರಿಯನ್. ಎರಡನೆಯದರ ನಂತರ ಹೊಟ್ಟೆಯ ನಡುವಿನ ಸ್ನಾಯುಗಳು ಬೇರೆಯಾಗಿ ಉಳಿದುಬಿಟ್ಟವು. ಹೊಕ್ಕುಳ ಮೇಲೆ ಮೂರು ಬೆರಳು ಇಳಿಯುವಷ್ಟು ಸಂದು. ಒಂದು ವರ್ಷ ಫಿಸಿಯೋಥೆರಪಿ ಮಾಡಿದೆ. ಬೆನ್ನುನೋವು ಕಡಿಮೆಯಾಯಿತು, ಹೊಟ್ಟೆ ಒಳಗೆ ಹೋಗಲಿಲ್ಲ. ಮಗನಿಗೆ ಮೂರು ತುಂಬಿದ ಮೇಲೂ ಗೃಹಪ್ರವೇಶವೊಂದರಲ್ಲಿ ಹಿರಿಯರೊಬ್ಬರು, "ಎಷ್ಟನೇ ತಿಂಗಳಮ್ಮಾ?" ಎಂದು ಅಕ್ಕರೆಯಿಂದಲೇ ಕೇಳಿದರು. ಮಾಡಿಸಿಕೊಂಡದ್ದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಮಾಡಿಸಿಕೊಂಡೆ. ನನಗೆ ಪಶ್ಚಾತ್ತಾಪವಿರುವುದು ಆಪರೇಷನ್ ಬಗ್ಗೆ ಅಲ್ಲ, ಅದರ ನಂತರದ ಆರು ವಾರಗಳನ್ನು ನಾನು ಕಳೆದ ರೀತಿಯ ಬಗ್ಗೆ.

ಲೈಪೋಸಕ್ಷನ್ ಮತ್ತು ಟಮ್ಮಿ ಟಕ್ ಎರಡನ್ನೂ ಒಂದೇ ಎಂಬಂತೆ ಮಾತನಾಡುವುದು ವಾಡಿಕೆ. ಅವು ಒಂದೇ ಅಲ್ಲ, ವಾಸಿಯಾಗುವ ರೀತಿಯೂ ಒಂದೇ ಅಲ್ಲ. ಲೈಪೋಸಕ್ಷನ್ನಿನಲ್ಲಿ ಸಣ್ಣ ಸಣ್ಣ ತೂತು ಮಾಡಿ, ಚರ್ಮದಡಿಯ ಕೊಬ್ಬಿಗೆ ಉಪ್ಪುನೀರು, ಮರವಳಿಕೆಯ ಔಷಧ ಮತ್ತು ರಕ್ತನಾಳ ಕುಗ್ಗಿಸುವ ಔಷಧ ಬೆರೆಸಿದ ದ್ರವ ತುಂಬಿ, ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಹೀಗೆ ದ್ರವ ತುಂಬುವ ವಿಧಾನವನ್ನು 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ ರೂಪಿಸಿದರು. ಅದರಿಂದ ರಕ್ತಸ್ರಾವ ತುಂಬಾ ಕಡಿಮೆಯಾಯಿತು. ಟಮ್ಮಿ ಟಕ್ ಹಾಗಲ್ಲ. ಸೊಂಟದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೊಯ್ದು, ಚರ್ಮವನ್ನು ಮೇಲಕ್ಕೆ ಬಿಡಿಸಿ, ಬೇರೆಯಾದ ಸ್ನಾಯುಗಳನ್ನು ಹೊಲಿದು ಹತ್ತಿರ ತಂದು, ಹೆಚ್ಚಾದ ಚರ್ಮ ಕತ್ತರಿಸಿ, ಹೊಕ್ಕುಳಿಗೆ ಹೊಸ ಜಾಗ ಮಾಡಿ ಹೊಲಿಯುತ್ತಾರೆ. ಬರೀ ಲೈಪೋ ಆದವರು, ಕೆಲಸ ಸಣ್ಣದಾಗಿದ್ದರೆ, ವಾರದೊಳಗೆ ಕುರ್ಚಿಯಲ್ಲಿ ಕೂತು ಕೆಲಸ ಮಾಡಬಹುದು. ಟಮ್ಮಿ ಟಕ್‌ಗೆ ಆರು ವಾರ ಎತ್ತಿಡಬೇಕು. ನನಗೆ ಟಮ್ಮಿ ಟಕ್ಕೂ ಆಯಿತು, ಸೊಂಟದ ಎರಡೂ ಬದಿಗೆ ಲೈಪೋವೂ ಆಯಿತು.

ಈಗ ಮೊದಲ ವಾರದ ಕಥೆ ಕೇಳಿ.

ಮೊದಲ ಎರಡು ದಿನ ಲೈಪೋ ಮಾಡಿದ ತೂತುಗಳಿಂದ ತಿಳಿಗೆಂಪು ನೀರು ಸೋರುತ್ತದೆ. ಒಳಗೆ ತುಂಬಿದ ದ್ರವ ಹೊರಬರುತ್ತಿರುವುದು ಅದು, ರಕ್ತ ಎಂದು ಹೆದರಬೇಕಿಲ್ಲ. ಆದರೆ ಹಾಸಿಗೆಗೆ ಹಳೆಯ ಟವೆಲ್ಲುಗಳು ಬೇಕು. ಹೊಟ್ಟೆಯ ಇಕ್ಕೆಲದಲ್ಲಿ ಎರಡು ಸಣ್ಣ ಕೊಳವೆ, ಅವುಗಳ ತುದಿಗೆ ನಿಂಬೆಹಣ್ಣಿಗಿಂತ ದೊಡ್ಡದಾದ ಪ್ಲಾಸ್ಟಿಕ್ ಬುರುಡೆ. ಇವೇ ಡ್ರೇನುಗಳು. ದಿನಕ್ಕೆ ಎರಡು-ಮೂರು ಸಲ ಬುರುಡೆ ಖಾಲಿ ಮಾಡಿ, ಎಷ್ಟು ಮಿಲಿಲೀಟರ್ ಬಂತೆಂದು ಪುಸ್ತಕದಲ್ಲಿ ಬರೆಯಬೇಕು. ನನ್ನ ಸರ್ಜನ್ ಹೇಳಿದ ಲೆಕ್ಕ: ಸತತ ಎರಡು ದಿನ 30 ಮಿಲಿಲೀಟರಿಗಿಂತ ಕಡಿಮೆಯಾದರೆ ತೆಗೆಯುತ್ತೇವೆ. ನನಗೆ ಅದಕ್ಕೆ ಹನ್ನೆರಡು ದಿನ ಹಿಡಿಯಿತು.

ನೆಟ್ಟಗೆ ನಿಲ್ಲುವ ಹಾಗಿಲ್ಲ. ಹೊಲಿಗೆ ಎಳೆಯಬಾರದೆಂದು ಸೊಂಟ ಬಗ್ಗಿಸಿ, ತೊಂಬತ್ತರ ಅಜ್ಜಿಯ ಹಾಗೆ ನಡೆಯಬೇಕು. ನನಗೆ ಹೊಟ್ಟೆಗಿಂತ ಬೆನ್ನೇ ಹೆಚ್ಚು ನೊಂದಿತು. ಮಲಗುವುದೂ ಬೆನ್ನ ಮೇಲೆ, ಮಂಡಿ ಮಡಿಸಿ, ತಲೆ ಎತ್ತರಿಸಿ. ಹಾಸಿಗೆಗಿಂತ ರಿಕ್ಲೈನರ್ ಕುರ್ಚಿಯೇ ಮೇಲು. ಇಲ್ಲಿನ ಮನೆಗಳಲ್ಲಿ ಮಲಗುವ ಕೋಣೆ ಮಹಡಿಯ ಮೇಲೆ. ನಾನು ಮೊದಲ ಹತ್ತು ರಾತ್ರಿ ಕೆಳಗಿನ ಲಿವಿಂಗ್ ರೂಮಿನಲ್ಲೇ ಕಳೆದೆ.

ಕೆಮ್ಮು, ಸೀನು, ನಗು ಮೂರೂ ಶತ್ರುಗಳು. ಬರುತ್ತದೆ ಅನ್ನಿಸಿದ ಕೂಡಲೇ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಮೂರನೆಯ ದಿನ ನಮ್ಮ ಯಜಮಾನರು ಪ್ರೀತಿಯಿಂದ ಸಾರಿಗೆ ಒಗ್ಗರಣೆ ಹಾಕಿದರು. ಒಣಮೆಣಸಿನಕಾಯಿಯ ಘಾಟು ಲಿವಿಂಗ್ ರೂಮಿಗೆ ಬಂತು ನೋಡಿ, ಆ ಐದು ನಿಮಿಷ ನಾನು ಜನ್ಮದಲ್ಲಿ ಮರೆಯುವುದಿಲ್ಲ. ನಮ್ಮವರು ಯಾರಾದರೂ ಈ ಆಪರೇಷನ್ ಮಾಡಿಸಿಕೊಂಡರೆ, ಎರಡು ವಾರ ಮನೆಯಲ್ಲಿ ಒಗ್ಗರಣೆ ಬೇಡ. ಯಾವ ಆಸ್ಪತ್ರೆಯ ಕಾಗದದಲ್ಲೂ ಇದನ್ನು ಬರೆದಿರುವುದಿಲ್ಲ!

ಇನ್ನು ಮಾತ್ರೆಗಳು. ಬಲವಾದ ನೋವಿನ ಮಾತ್ರೆ ಮಲಬದ್ಧತೆ ತರುತ್ತದೆ, ಹೊಲಿದ ಹೊಟ್ಟೆಯಲ್ಲಿ ಮುಕ್ಕುವ ಹಾಗಿಲ್ಲ. ಆದ್ದರಿಂದ ಮಲ ಸಡಿಲಿಸುವ ಔಷಧದ ಬಗ್ಗೆ ಮೊದಲೇ ಕೇಳಿಟ್ಟುಕೊಳ್ಳಿ. ಇನ್ನೊಂದು ಮುಖ್ಯ ಮಾತು: ಇಲ್ಲಿನ ಅನೇಕ ನೋವಿನ ಮಾತ್ರೆಗಳಲ್ಲಿ ಅಸಿಟಮಿನೋಫೆನ್ ಸೇರಿರುತ್ತದೆ. ನಾವು ಊರಿಂದ ತಂದಿಟ್ಟುಕೊಳ್ಳುವ ಡೋಲೋ, ಕ್ರೋಸಿನ್‌ಗಳಲ್ಲಿರುವ ಪ್ಯಾರಸಿಟಮಾಲ್ ಕೂಡ ಅದೇ ವಸ್ತು, ಹೆಸರು ಮಾತ್ರ ಬೇರೆ. ಎರಡನ್ನೂ ನುಂಗಿದರೆ ಯಕೃತ್ತಿಗೆ ಅಪಾಯ. ಆಸ್ಪಿರಿನ್, ಮೀನೆಣ್ಣೆ, ಬೆಳ್ಳುಳ್ಳಿ ಮತ್ತು ಅರಿಶಿನದ ಕ್ಯಾಪ್ಸೂಲ್, ಊರಿನ ಆಯುರ್ವೇದದ ಗುಳಿಗೆ, ಎಲ್ಲವನ್ನೂ ಆಪರೇಷನ್ನಿಗೆ ಮೊದಲೇ ಸರ್ಜನ್‌ಗೆ ಹೇಳಬೇಕು. ಕೆಲವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ.

ಇಷ್ಟೆಲ್ಲ ಆಗುವಾಗ ಮನೆಯಲ್ಲಿ ಇದ್ದವರು ಯಾರು? ನಾನು, ಯಜಮಾನರು, ಏಳು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು. ಅಷ್ಟೇ. ಅವರಿಗೆ ಸಿಕ್ಕಿದ್ದು ಐದು ದಿನದ ರಜೆ. ಊರಲ್ಲಿ ಅಮ್ಮನಿಗೆ ಫೋನಿನಲ್ಲಿ, "ಸಣ್ಣ ಹರ್ನಿಯಾ, ಬರೋದೇನೂ ಬೇಡ," ಎಂದಿದ್ದೆ. ಕೂಟದ ಗೆಳತಿಯರಿಗೂ ಅದನ್ನೇ ಹೇಳಿದ್ದೆ. ಸಣ್ಣ ಹರ್ನಿಯಾ ಎಂದವಳ ಮನೆಗೆ ಯಾರು ಸಾರು ತಂದುಕೊಡುತ್ತಾರೆ? ನೋಡಲು ಬರುತ್ತೇವೆ ಎಂದ ಒಂದಿಬ್ಬರನ್ನು ನಾನೇ ತಡೆದೆ. ಬಂದರೆ ಎರಡು ಡ್ರೇನು ಕಾಣುತ್ತಿದ್ದವು!

ಐದನೆಯ ರಾತ್ರಿ ಎಡಗಾಲಿನ ಮೀನಖಂಡ ಬಿಗಿದು ನೋಯತೊಡಗಿತು. ಗಂಟೆ ಹನ್ನೊಂದೂವರೆ. ಈ ಆಪರೇಷನ್ನಿನ ನಂತರ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ. ಆ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಸೌಂದರ್ಯದ ಶಸ್ತ್ರಚಿಕಿತ್ಸೆಗಳಲ್ಲಿ ಈ ಅಪಾಯ ಹೆಚ್ಚಾಗಿರುವವುಗಳಲ್ಲಿ ಟಮ್ಮಿ ಟಕ್ ಒಂದು. ಮೊದಲ ದಿನದಿಂದಲೇ ಗಂಟೆಗೊಮ್ಮೆ ಎದ್ದು ಬಗ್ಗಿಕೊಂಡಾದರೂ ನಾಲ್ಕು ಹೆಜ್ಜೆ ಹಾಕಿ ಎಂದು ಅವರು ಪೀಡಿಸುವುದು ಇದಕ್ಕಾಗಿಯೇ. ಸರ್ಜನ್ನಿನ ರಾತ್ರಿಯ ನಂಬರಿಗೆ ಫೋನ್ ಮಾಡಿದರೆ, "ಈಗಲೇ ಎಮರ್ಜೆನ್ಸಿಗೆ ಹೋಗಿ," ಎಂದರು.

ಮಕ್ಕಳು ಮಲಗಿದ್ದರು. ಮೂರು ಮನೆಯಾಚೆ ನಮ್ಮ ಕೂಟದವರೇ ಒಂದು ಕುಟುಂಬವಿದೆ. ಒಂದು ಫೋನ್ ಮಾಡಿದ್ದರೆ ಚಪ್ಪಲಿ ಮೆಟ್ಟದೆ ಓಡಿಬರುವಂಥವರು. ನಾನು ಮಾಡಗೊಡಲಿಲ್ಲ. "ಯಾಕೆ, ಏನು ಅಂತ ಕೇಳ್ತಾರೆ, ಸ್ವಲ್ಪ ಹೊತ್ತು ನೋಡೋಣ," ಎಂದೆ. ಅರ್ಧ ಗಂಟೆ ಹಾಗೇ ಕೂತಿದ್ದೆವು. ಕೊನೆಗೆ ಯಜಮಾನರೇ ಸಿಟ್ಟಿನಿಂದ ನಿದ್ದೆಗಣ್ಣಿನ ಮಕ್ಕಳನ್ನು ಕಾರಿಗೆ ಹತ್ತಿಸಿ ಹೊರಟರು. ಅಲ್ಟ್ರಾಸೌಂಡ್ ಮಾಡಿದರು. ಗಡ್ಡೆ ಇರಲಿಲ್ಲ, ಬರೀ ಸ್ನಾಯುವಿನ ಸೆಳೆತ. ಬಗ್ಗಿ ನಡೆದದ್ದರಿಂದ ಇರಬಹುದು ಎಂದರು. ಆದರೆ ಇದ್ದಿದ್ದರೆ? ಮಾನಕ್ಕೆ ಅಂಜಿ ಕಳೆದ ಆ ಅರ್ಧ ಗಂಟೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹನ್ನೊಂದನೆಯ ದಿನ ಮನೆಯಿಂದಲೇ ಆಫೀಸಿನ ಕೆಲಸ ಶುರು ಮಾಡಿದೆ, ರಜೆ ಮುಗಿದಿತ್ತು. ಹದಿನೇಳನೆಯ ದಿನ ಸಂಕ್ರಾಂತಿ. ಹೋಗದಿದ್ದರೆ ಜನ ಏನಂದುಕೊಳ್ಳುತ್ತಾರೋ ಎಂದು ಬಿಗಿಪಟ್ಟಿಯ ಮೇಲೆ ಸೀರೆ ಉಟ್ಟು ಹೋದೆ. "ಈ ಕಡೆ ಸ್ವಲ್ಪ ಹಿಡ್ಕೊಳ್ಳಿ," ಎಂದು ಯಾರೋ ಪೊಂಗಲ್ ತುಂಬಿದ ದೊಡ್ಡ ಟ್ರೇ ಚಾಚಿದಾಗ ಹಿಡಿದುಕೊಂಡೆ. ಆರು ವಾರ ಹತ್ತು ಪೌಂಡಿಗಿಂತ, ಅಂದರೆ ನಾಲ್ಕೂವರೆ ಕಿಲೋಗಿಂತ ಹೆಚ್ಚು ಎತ್ತಬಾರದೆಂದು ಹೇಳಿದ್ದರು. ನಮ್ಮ ಮನೆಯ ಸೋನಾ ಮಸೂರಿ ಚೀಲವೇ ಇಪ್ಪತ್ತು ಪೌಂಡು, ಮಗನ ತೂಕ ಅದಕ್ಕೂ ಮೇಲೆ. ಆ ವಾರ ಹೊಟ್ಟೆಯ ಒಂದು ಬದಿ ನೀರು ತುಂಬಿದ ಬಲೂನಿನಂತೆ ಉಬ್ಬಿ ಅಲುಗಾಡತೊಡಗಿತು. ಸೆರೋಮಾ ಎನ್ನುತ್ತಾರೆ: ಚರ್ಮದಡಿ ನೀರು ಶೇಖರವಾಗುವುದು. ಮೂರು ಸಲ ಸೂಜಿ ಚುಚ್ಚಿ ತೆಗೆದರು. ಟ್ರೇ ಎತ್ತಿದ್ದರಿಂದಲೇ ಆಯಿತೆಂದು ಹೇಳಲಾಗದು, ಎತ್ತದವರಿಗೂ ಆಗುತ್ತದೆ ಎಂದರು ಸರ್ಜನ್. ಆದರೆ ನಾನು ಅಲ್ಲಿರಬೇಕಾಗಿರಲಿಲ್ಲ.

ಅಮ್ಮನಿಗೆ ನಿಜ ಹೇಳಿದ್ದು ಎರಡು ತಿಂಗಳ ನಂತರ. ಬೈಯುತ್ತಾರೆಂದು ಕಾದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ ಮಾತು: "ಅಷ್ಟು ದೊಡ್ಡ ಗಾಯ ಅಂತೀಯ. ಮತ್ತೆ ಬಾಣಂತನ ಯಾರು ಮಾಡಿದ್ರೇ?"

ಮಿತ್ರರೇ, ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಅಮ್ಮನ ಆ ಒಂದು ಪ್ರಶ್ನೆಯಲ್ಲಿದೆ.

ನಮ್ಮಲ್ಲಿ ಹೆತ್ತವಳಿಗೆ ನಲವತ್ತು ದಿನ ಇತ್ತು. ಹಳೆಯ ಹತ್ತಿ ಸೀರೆಯಿಂದ ಹೊಟ್ಟೆ ಕಟ್ಟುವವರು ಒಬ್ಬರು, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡುವವರು ಒಬ್ಬರು, ಅಂಟಿನ ಉಂಡೆ ಕಟ್ಟಿಡುವವರು ಒಬ್ಬರು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುವವರು ಒಬ್ಬರು. ಭಾರ ಎತ್ತಬೇಡ, ಬಗ್ಗಬೇಡ, ಗಾಳಿಗೆ ಕೂರಬೇಡ. ಅದರಲ್ಲಿ ಕೆಲವು ಸರಿ, ಕೆಲವು ಬರೀ ನಂಬಿಕೆ. ಆದರೆ ಒಡೆದ ಮೈ ಕೂಡಿಕೊಳ್ಳಲು ದಿನಗಳು ಬೇಕು, ಆ ದಿನಗಳಲ್ಲಿ ಅವಳ ಕೆಲಸವನ್ನು ಬೇರೆಯವರು ಹೊರಬೇಕು ಎಂಬ ತಿಳಿವಳಿಕೆ ಅದರ ಒಳಗಿತ್ತು. ವಿಚಿತ್ರ ನೋಡಿ, ಟಮ್ಮಿ ಟಕ್ ಆದವರಿಗೂ ಸರ್ಜನ್‌ಗಳು ಹೇಳುವುದು ಆರು ವಾರ, ಅಂದರೆ ನಲವತ್ತೆರಡು ದಿನ. ಹೊಟ್ಟೆಗೆ ಬಿಗಿಪಟ್ಟಿ, ಭಾರ ಎತ್ತಬಾರದು, ಬಗ್ಗಬಾರದು. ಬಾಣಂತನದ ಪಟ್ಟಿಯೇ! ಮಾಡುವ ಕೈಗಳು ಮಾತ್ರ ಇಲ್ಲ. ಏಕೆಂದರೆ ನಾವು ಯಾರಿಗೂ ಹೇಳಿರುವುದಿಲ್ಲ.

ಹಾಗೆಂದು ಊರಿನ ಬಾಣಂತನವನ್ನು ಇದ್ದ ಹಾಗೇ ಇಲ್ಲಿ ಮಾಡಬಾರದು. ಗಾಯ ಮುಚ್ಚಿ ಡಾಕ್ಟರು ಹೇಳುವವರೆಗೆ ಎಣ್ಣೆಸ್ನಾನವಿಲ್ಲ. ಬಿಸಿನೀರಿನ ಚೀಲವಂತೂ ಬೇಡವೇ ಬೇಡ. ಹೊಕ್ಕುಳ ಕೆಳಗೆ ಚರ್ಮ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ. ಸುಟ್ಟರೂ ಗೊತ್ತಾಗುವುದಿಲ್ಲ, ಬೊಬ್ಬೆ ಬಂದಮೇಲೇ ತಿಳಿಯುವುದು. ತುಪ್ಪದ ಉಂಡೆಗಿಂತ ಹೆಸರುಬೇಳೆ, ಮೊಸರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ನಾರಿರುವ ತರಕಾರಿ ಒಳ್ಳೆಯದು. ಗಾಯ ಕೂಡಲು ಪ್ರೋಟೀನ್ ಬೇಕು. ಮೊದಲ ಸಲ ಸ್ನಾನಕ್ಕೆ ಹೋಗುವಾಗ ಯಾರಾದರೂ ಜೊತೆಗಿರಲೇಬೇಕು. ಬಿಗಿಪಟ್ಟಿ ಬಿಚ್ಚಿದ ಕೂಡಲೇ ತಲೆ ಸುತ್ತಿ ಬೀಳುವವರುಂಟು.

ಎರಡನೆಯ, ಮೂರನೆಯ ವಾರದಲ್ಲಿ ಇನ್ನೊಂದು ಬರುತ್ತದೆ, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಅಳು. ಕನ್ನಡಿಯಲ್ಲಿ ಕಂಡದ್ದು ಊದಿಕೊಂಡ, ಹಸಿರು-ನೀಲಿ ಕಟ್ಟಿದ, ಯಾರದೋ ಮೈ. ತೂಕ ನೋಡಿದರೆ ಮೊದಲಿಗಿಂತ ಹೆಚ್ಚಿತ್ತು, ಮೈಯಲ್ಲಿ ನಿಂತ ನೀರಿನಿಂದ. ಇಷ್ಟು ದುಡ್ಡು ಸುರಿದು ಇದಾಯಿತೇ ಎಂದು ರಾತ್ರಿ ಕೂತು ಅತ್ತೆ. ಇದು ಬಹಳ ಮಂದಿಗೆ ಆಗುತ್ತದೆ, ಮೈ ಗುಣವಾದಂತೆ ಹೋಗುತ್ತದೆ ಎಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಚಪ್ಪಟೆಯಾಗಿದ್ದ ಹೊಟ್ಟೆ ಸಂಜೆಗೆ ಊದುವುದು ಮೂರು ತಿಂಗಳಾದರೂ ಇರಬಹುದು, ಕೆಲವರಿಗೆ ಆರು ತಿಂಗಳೂ ಆಗಬಹುದು. ಕಲೆ ತಿಳಿಯಾಗಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ನಮ್ಮ ಕಂದು ಚರ್ಮದಲ್ಲಿ ಕಲೆ ಕಪ್ಪಾಗುವುದು, ಉಬ್ಬಿ ಗಂಟಾಗುವುದು ಬಿಳಿಯರಿಗಿಂತ ಹೆಚ್ಚು. ಕಿವಿ ಚುಚ್ಚಿದ ಜಾಗದಲ್ಲಿ ಗಂಟು ಬಂದವರಿದ್ದರೆ ಆಪರೇಷನ್ನಿಗೆ ಮೊದಲೇ ಹೇಳಬೇಕು. ಗಾಯ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿ, ಬಿಸಿಲಿಗೆ ಸನ್‌ಸ್ಕ್ರೀನ್ ಸಹಾಯ ಮಾಡುತ್ತವೆ. ಕಲೆ ಪೂರ್ತಿ ಮಾಯವಾಗುವುದಿಲ್ಲ.

ಗುಟ್ಟಿನ ಬೆಲೆ ಏನೆಂಬುದಕ್ಕೆ ನನ್ನ ಕಥೆಯೇ ಬೇಕಿಲ್ಲ. 2007ರ ನವೆಂಬರಿನಲ್ಲಿ ಗಾಯಕ ಕಾನ್ಯೆ ವೆಸ್ಟ್ ಅವರ ತಾಯಿ ಡೊಂಡಾ ವೆಸ್ಟ್ ಲೈಪೋಸಕ್ಷನ್ ಸೇರಿದಂತೆ ಸೌಂದರ್ಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದ ಮಾರನೆಯ ದಿನವೇ ತೀರಿಕೊಂಡರು. ಅವರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಇಂಥ ಶಸ್ತ್ರಚಿಕಿತ್ಸೆಗೆ ಮೊದಲು ದೇಹಪರೀಕ್ಷೆ ಆಗಲೇಬೇಕೆಂದು ಕ್ಯಾಲಿಫೋರ್ನಿಯಾ 2009ರಲ್ಲಿ ಅವರ ಹೆಸರಲ್ಲೇ ಕಾನೂನು ಮಾಡಿತು. ಇನ್ನು 2022ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ, ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು ಬರೀ 21. ಮನೆಯವರಿಗೆ ಹೇಳದೆ ಸ್ನೇಹಿತರೊಡನೆ ಹೋಗಿದ್ದರೆಂದು ಆಗ ಪತ್ರಿಕೆಗಳಲ್ಲಿ ಬಂತು. ಹೇಳಿದ್ದರೆ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಹೇಳಿಕೊಳ್ಳಲಾಗದಂಥ ಮನೆ, ಸಮಾಜ ಕಟ್ಟಿದವರು ನಾವು ತಾನೇ?

ಊರಿಗೆ ಹೋದಾಗ ಅಗ್ಗದಲ್ಲಿ ಮುಗಿಸಿ ಬರುವ ಯೋಚನೆ ಈ ಹುಡುಗಿಗೆ ಮಾತ್ರ ಬಂದದ್ದಲ್ಲ. ಊರಿನ ಸರ್ಜನ್‌ಗಳು ಕಡಿಮೆಯವರೆಂದು ನಾನು ಹೇಳುತ್ತಿಲ್ಲ. ಲೆಕ್ಕ ದಿನಗಳದ್ದು. ಮೂರು ವಾರದ ರಜೆಯಲ್ಲಿ ಮೊದಲ ವಾರ ಪ್ರಯಾಣ, ಪರೀಕ್ಷೆಗಳಿಗೆ ಹೋಯಿತು. ಉಳಿದ ಎರಡು ವಾರದಲ್ಲಿ ಡ್ರೇನು ತೆಗೆಯುವುದೇ ಕಷ್ಟ. ಆಮೇಲೆ ಇಪ್ಪತ್ತು ಗಂಟೆಗೂ ಮಿಕ್ಕಿದ ಪ್ರಯಾಣ, ಕಾಲು ಚಾಚಲಾಗದ ಸೀಟು. ಆಪರೇಷನ್ನೂ ರಕ್ತ ಹೆಪ್ಪುಗಟ್ಟಿಸಬಲ್ಲದು, ದೂರದ ವಿಮಾನ ಪ್ರಯಾಣವೂ ಹೆಪ್ಪುಗಟ್ಟಿಸಬಲ್ಲದು. ನ್ಯೂವಾರ್ಕಿನಲ್ಲಿ ಇಳಿದು ಐವತ್ತು ಪೌಂಡಿನ ಎರಡು ಸೂಟ್‌ಕೇಸು ಬೆಲ್ಟಿನಿಂದ ಎಳೆಯುವವರು ಯಾರು? ಇಲ್ಲಿ ಬಂದಮೇಲೆ ಗಾಯ ಕೀವಾದರೆ, ಕೊಯ್ದವರು ಸಾವಿರಾರು ಮೈಲಿ ದೂರ.

ಇಲ್ಲಿನ ಕಾನೂನೂ ನಮ್ಮ ನೆರವಿಗೆ ಬರುವುದು ಕಡಿಮೆ. 1993ರ ಕೌಟುಂಬಿಕ ರಜೆಯ ಕಾನೂನು, ಎಲ್ಲರೂ ಎಫ್ಎಂಎಲ್ಎ ಎನ್ನುತ್ತೇವಲ್ಲ ಅದು, ಅರ್ಹ ನೌಕರರಿಗೆ ಗಂಭೀರ ಕಾಯಿಲೆಗೆ ಹನ್ನೆರಡು ವಾರ ಸಂಬಳವಿಲ್ಲದ ರಜೆ ಕೊಡುತ್ತದೆ. ಬರೀ ಸೌಂದರ್ಯದ ಚಿಕಿತ್ಸೆ ಅದರಲ್ಲಿ ಸೇರುವುದಿಲ್ಲ. ಆಸ್ಪತ್ರೆಯಲ್ಲಿ ಒಳರೋಗಿಯಾಗಬೇಕಾಗಿದ್ದರೆ, ಅಥವಾ ತೊಡಕು ಉಂಟಾದರೆ ಮಾತ್ರ ಸೇರುತ್ತದೆ. ವಿಮೆಯೂ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಸರ್ಜನ್ನಿನ ಬಿಲ್ಲು ಹೊಂದಿಸಿದರೆ ಸಾಲದು, ಆರು ವಾರದ ದಿನಗಳನ್ನೂ ಕೈಗಳನ್ನೂ ಹೊಂದಿಸಬೇಕು. ಅಷ್ಟು ಹೊಂದಿಸಲಾಗದಿದ್ದರೆ ಈ ಆಪರೇಷನ್ ನಿಮಗೆ ಎಟುಕುವುದಲ್ಲ ಎಂದೇ ತಿಳಿಯಿರಿ. ಇದು ನನ್ನ ಸ್ಪಷ್ಟ ಅಭಿಪ್ರಾಯ.

ಇದನ್ನು ಓದಿ ಕೆಲವರು ಎರಡು ಮಾತು ಹೇಳುವರೆಂದು ಗೊತ್ತು.

ಮೊದಲನೆಯದು: "ಕಾಯಿಲೆ ಅಲ್ಲ, ಕಸಾಲೆ ಅಲ್ಲ. ಬೇಕೆಂದು ಕೊಯ್ಸಿಕೊಂಡವರಿಗೆ ನಾವೇಕೆ ಸಾರು ಹೊರಬೇಕು?" ನ್ಯಾಯವಾದ ಪ್ರಶ್ನೆಯೇ. ಆದರೆ ಗಾಯಕ್ಕೆ ತಾನು ಬೇಕೆಂದು ಆದದ್ದೋ ಬೇಡದೆ ಆದದ್ದೋ ಗೊತ್ತಿರುವುದಿಲ್ಲ. ಸ್ಕೀಯಿಂಗಿಗೆ ಹೋಗಿ ಕಾಲು ಮುರಿದುಕೊಂಡವರಿಗೆ ನಾವು ಸರದಿಯ ಮೇಲೆ ಊಟ ಕೊಟ್ಟಿದ್ದೇವೆ. ಬೆಟ್ಟದಿಂದ ಜಾರೆಂದು ಅವರಿಗೆ ಯಾವ ಡಾಕ್ಟರು ಹೇಳಿದ್ದರು? ಇದಕ್ಕೂ ಅಷ್ಟು ಮಾಡಿದರೆ ಸಾಕು.

ಎರಡನೆಯದು: "ಹೀಗೆ ಬಹಿರಂಗವಾಗಿ ಬರೆದರೆ ನಮ್ಮ ಹೆಣ್ಣುಮಕ್ಕಳೆಲ್ಲ ಇದಕ್ಕೇ ಹೋಗುವುದಿಲ್ಲವೇ?" ನನಗೂ ಹದಿಹರೆಯಕ್ಕೆ ಬರುತ್ತಿರುವ ಮಗಳಿದ್ದಾಳೆ, ಆ ಭಯ ನನಗೂ ಇದೆ. ಆದರೆ ಇವತ್ತು ಅವರಿಗೆ ಕಾಣುತ್ತಿರುವುದು ಫೋನಿನಲ್ಲಿ ಬರುವ ಎರಡು ಚಿತ್ರಗಳು: ಮೊದಲು ಹೀಗಿತ್ತು, ಈಗ ಹೀಗಿದೆ. ನಡುವಿನ ನಲವತ್ತೆರಡು ದಿನದ ಚಿತ್ರ ಯಾರೂ ಹಾಕುವುದಿಲ್ಲ. ಆ ಡ್ರೇನು, ಆ ಬಗ್ಗಿದ ಬೆನ್ನು, ಆ ಅಳು ತಿಳಿದ ಮೇಲೂ ಬೇಕೆನ್ನುವವರು ಯೋಚಿಸಿಯೇ ಬೇಕೆಂದಿರುತ್ತಾರೆ. ಉಳಿದವರು ಹಿಂದೆ ಸರಿಯುತ್ತಾರೆ. ಇನ್ನು, ಕೊಬ್ಬು ತೆಗೆಸಿದರೆ ಸಕ್ಕರೆ ಕಾಯಿಲೆ ದೂರವಾಗುತ್ತದೆಂದು ನಂಬಿದವರೂ ನಮ್ಮಲ್ಲಿದ್ದಾರೆ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹದಿನೈದು ಸ್ಥೂಲಕಾಯದ ಮಹಿಳೆಯರ ಹೊಟ್ಟೆಯಿಂದ ಬಹಳಷ್ಟು ಕೊಬ್ಬು ಹೀರಿ ತೆಗೆದರೂ ಅವರ ಇನ್ಸುಲಿನ್ ಕೆಲಸ ಸುಧಾರಿಸಲಿಲ್ಲ. ನಮ್ಮವರ ಹೊಟ್ಟೆಯ ಅಪಾಯಕಾರಿ ಕೊಬ್ಬು ಇರುವುದು ಕರುಳಿನ ಸುತ್ತ. ಅಲ್ಲಿಗೆ ಆ ಕೊಳವೆ ಹೋಗುವುದಿಲ್ಲ.

ಕೊನೆಯದಾಗಿ ಮೂರು ಬಿನ್ನಹ.

ಮಾಡಿಸಿಕೊಳ್ಳುವವರಿಗೆ: ಊರೆಲ್ಲ ಸಾರಬೇಕಿಲ್ಲ. ಒಂದಿಬ್ಬರಿಗಾದರೂ ನಿಜ ಹೇಳಿ. ಅವರಲ್ಲಿ ಒಬ್ಬರು ಮಧ್ಯರಾತ್ರಿ ಮಕ್ಕಳ ಬಳಿ ಬಂದು ಕೂರಬಲ್ಲವರಾಗಿರಲಿ. ಒಂದೇ ಕಾಲು ಊದಿ ನೋವಾದರೆ, ಜ್ವರ 101 ಡಿಗ್ರಿ ದಾಟಿದರೆ, ಒಂದು ಬದಿ ಥಟ್ಟನೆ ಉಬ್ಬಿದರೆ, ಗಾಯದ ಅಂಚು ಕಪ್ಪಾದರೆ ಅಥವಾ ವಾಸನೆ ಬಂದರೆ ಕೂಡಲೇ ಸರ್ಜನ್ನಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರವಾಗಿ 911. ಅರ್ಧ ಗಂಟೆ ಕೂತು ಯೋಚಿಸಬೇಡಿ.

ಮನೆಯವರಿಗೆ: ಐದು ದಿನದ ರಜೆ ಸಾಲದು. ಡ್ರೇನು ಅಳೆಯುವುದು, ಮಾತ್ರೆ ಸಮಯ ಬರೆಯುವುದು, ಮಗುವನ್ನು ಎತ್ತಿಕೊಳ್ಳುವುದು ನಿಮ್ಮ ಕೆಲಸ. ಅವಳು ನೋವಿನ ಮಾತ್ರೆಯಲ್ಲಿರುವಷ್ಟು ದಿನ ಕಾರು ಓಡಿಸುವುದೂ ನಿಮ್ಮದೇ.

ನಮ್ಮೆಲ್ಲರಿಗೆ: ಯಾರ ಹೊಟ್ಟೆಯನ್ನಾದರೂ ನೋಡಿ "ಎಷ್ಟನೇ ತಿಂಗಳು?" ಎನ್ನುವುದನ್ನು ಬಿಡೋಣ. ಸಣ್ಣಗಾದವರನ್ನು ನೋಡಿ "ಏನು ಮಾಡಿಸ್ಕೊಂಡ್ರಿ?" ಎನ್ನುವುದನ್ನೂ ಬಿಡೋಣ. ಇವೆರಡು ಪ್ರಶ್ನೆಗಳ ನಡುವೆ ಸಿಕ್ಕಿಕೊಂಡೇ ನಾನು ಹರ್ನಿಯಾ ಎಂದದ್ದು. ಹೊಸ ಬಾಣಂತಿಯರಿಗೆ ನಮ್ಮ ಕೂಟದವರು ಸರದಿಯಲ್ಲಿ ಊಟ ಕಳಿಸುವ ಪದ್ಧತಿ ಇದೆಯಲ್ಲ, ಅದನ್ನು ಯಾವುದೇ ಆಪರೇಷನ್ ಆದವರಿಗೂ, ಯಾವ ಆಪರೇಷನ್ ಎಂದು ಕೇಳದೆ, ಕಳಿಸುವಂತೆ ಮಾಡಬಹುದೇ? ಮುಂದಿನ ಸಮಿತಿ ಸಭೆಯಲ್ಲಿ ಇದನ್ನು ಕೇಳುವವಳಿದ್ದೇನೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ರಾಜ್ಯೋತ್ಸವದ ಮರುದಿನ ಅವಳನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಡ್ರೇನಿನ ಲೆಕ್ಕ ಬರೆದಿಟ್ಟಿದ್ದ ಪುಸ್ತಕ ತೋರಿಸಿದೆ. ಡಿಸೆಂಬರಿನಲ್ಲಿ ಅವಳು ಊರಿಗೆ ಹೋಗಿ ಬಂದಳು, ಮಾಡಿಸಿಕೊಳ್ಳಲಿಲ್ಲ. ಮಾಡಿಸಿಕೊಳ್ಳುವುದೇ ಆದರೆ ಅವಳ ತಾಯಿ ಬೇಸಿಗೆಗೆ ಇಲ್ಲಿಗೆ ಬಂದಾಗ, ಅವರಿಗೆ ಹೇಳಿಯೇ ಮಾಡಿಸಿಕೊಳ್ಳುತ್ತಾಳಂತೆ. ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನ ಅವಳದ್ದು.

ಮಾಡಿಸಿಕೊಂಡರೆ ಮೊದಲ ವಾರದ ಸಾರು ನಮ್ಮ ಮನೆಯಿಂದ ಹೋಗುತ್ತದೆ. ಒಗ್ಗರಣೆ ಇಲ್ಲಿಯೇ ಹಾಕಿ ಕಳಿಸುತ್ತೇನೆ.

ನಿಮ್ಮ ಅನುಭವ, ಅಭಿಪ್ರಾಯ, ಬೈಗುಳ ಏನಿದ್ದರೂ ಸಂಪಾದಕರಿಗೆ ಬರೆಯಿರಿ.

ನ್ಯೂಜೆರ್ಸಿಯ ಒಬ್ಬ ಸದಸ್ಯೆ